ಹಿಸ್ಸಾ, ಪರಿಹಾರ ಮತ್ತು ‘ನನ್ನ ತೆರಿಗೆ’

ಕನ್ನಡದಲ್ಲಿ ‘ಜಕಾತಿ’ ಎಂಬ ಮಾತು ಈಗ ಹೆಚ್ಚುಕಡಿಮೆ ಸತ್ತುಹೋಗಿದೆ. ನಮ್ಮ ಹಿರಿಯರಿಗೆ ಅದು ದಿನನಿತ್ಯದ ಮಾತು. ಊರಿನ ಅಂಚಿಗೆ ಜಕಾತಿ ಕಟ್ಟೆ, ರಸ್ತೆಗೆ ಅಡ್ಡಲಾಗಿ ಒಂದು ಗಳು, ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದು ಕೂತ ಮುನ್ಸಿಪಾಲಿಟಿಯ ಗುಮಾಸ್ತ. ಮೆಣಸಿನಕಾಯಿಯ ಚೀಲ ಬಂದರೂ ಬಟ್ಟೆಯ ಗಂಟು ಬಂದರೂ ಅಲ್ಲಿ ನಿಂತು ದುಡ್ಡು ಕಟ್ಟಿಯೇ ಊರೊಳಗೆ ಹೋಗಬೇಕು. 1979ರಲ್ಲಿ ಕರ್ನಾಟಕ ಜಕಾತಿಯನ್ನು ತೆಗೆದು ಅದರ ಜಾಗಕ್ಕೆ ಪ್ರವೇಶ ತೆರಿಗೆಯನ್ನು ತಂದಿತು. 2017ರಲ್ಲಿ ಆ ಪ್ರವೇಶ ತೆರಿಗೆಯೂ ಜಿಎಸ್‌ಟಿಯ ಹೊಟ್ಟೆ ಸೇರಿತು. ಈಗ ಉಳಿದಿರುವುದು ಬೆಂಗಳೂರಿನ ಸುಂಕದಕಟ್ಟೆಯಂಥ ಕೆಲವು ಹೆಸರುಗಳು ಮಾತ್ರ.

ಜಕಾತಿ ಎಂಬ ಪದ ಬಂದದ್ದು ಅರಬ್ಬಿಯ ‘ಝಕಾತ್’ನಿಂದ. ಆಳುವವರ ಕಚೇರಿಗಳ ದಾರಿಯಲ್ಲಿ ನಡೆದು ಬರುವಾಗ ಅದರ ಅರ್ಥ ತಲೆಕೆಳಗಾಯಿತು. ಝಕಾತ್‌ನಲ್ಲಿ ಯಾರಿಗೆ ಸಲ್ಲಬೇಕು ಎಂಬುದು ಕೊಡುವ ಮೊದಲೇ ಗೊತ್ತು. ಬಡವ, ಸಾಲಗಾರ, ದಾರಿಹೋಕ ಎಂದು ಎಂಟು ಬಗೆಯ ಹಕ್ಕುದಾರರನ್ನು ಎಣಿಸಿ ಹೇಳಲಾಗಿದೆ. ಜಕಾತಿ ಕಟ್ಟೆಯಲ್ಲಿ ಆ ಪ್ರಶ್ನೆಯೇ ಇಲ್ಲ. ಅಲ್ಲಿ ಇರುವುದು ಒಂದೇ ಪ್ರಶ್ನೆ: ಯಾರು ಕಟ್ಟಬೇಕು, ಎಷ್ಟು ಕಟ್ಟಬೇಕು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ನಮ್ಮ ಗಾದೆ ಹುಟ್ಟಿದ್ದೂ ಇಂಥ ಕಟ್ಟೆಯ ಮುಂದೆಯೇ ಇರಬೇಕು.

ಜಿಎಸ್‌ಟಿ ಹಣವನ್ನು ಕೇಂದ್ರ ಮತ್ತು ರಾಜ್ಯಗಳು ಹೇಗೆ ಹಂಚಿಕೊಳ್ಳಬೇಕು ಎಂಬ ಜಗಳ ಕೆಲವು ವರ್ಷಗಳಿಂದ ನಮ್ಮ ರಾಜಕೀಯದ ಮುಖ್ಯ ವಿಷಯವಾಗಿದೆ. ಅರ್ಥಶಾಸ್ತ್ರಜ್ಞರು ಅಂಕಿಅಂಶಗಳನ್ನು ಮುಂದಿಟ್ಟು ವಾದಿಸುತ್ತಿದ್ದಾರೆ. ಕಥೆ ಬರೆಯುವವನಾದ ನನ್ನ ಗಮನವೆಲ್ಲ ಈ ಜಗಳದಲ್ಲಿ ಬಳಕೆಯಾಗುತ್ತಿರುವ ಮಾತುಗಳ ಮೇಲೆ. ಪಾಲು, ಪರಿಹಾರ, ಅನುದಾನ, ಉಡುಗೊರೆ, ಹಕ್ಕು. ಇವು ಒಂದೇ ಹಣಕ್ಕೆ ಇಟ್ಟ ಬೇರೆ ಬೇರೆ ಹೆಸರುಗಳಲ್ಲ. ಒಂದು ಮಾತಿನ ಜಾಗಕ್ಕೆ ಇನ್ನೊಂದು ಬಂದು ಕೂತಾಗಲೆಲ್ಲ ಯಾರದೋ ಕೈಯಿಂದ ಏನೋ ಜಾರಿರುತ್ತದೆ. ಅದು ಯಾರ ಕೈಯಿಂದ ಜಾರಿತು ಎಂದು ನೋಡುವುದಷ್ಟೇ ಈ ಬರಹದ ಉದ್ದೇಶ.

ಮೊದಲು ಲೆಕ್ಕ ಸ್ಪಷ್ಟವಾಗಲಿ. ಕಲಬುರಗಿಯ ಅಂಗಡಿಯೊಂದರಲ್ಲಿ ನೂರು ರೂಪಾಯಿ ಬೆಲೆಯ ಒಂದು ಸಾಮಾನಿನ ಮೇಲೆ ಶೇ. 18ರ ಜಿಎಸ್‌ಟಿ ಬಿತ್ತು ಎನ್ನೋಣ. ಹದಿನೆಂಟು ರೂಪಾಯಿಯಲ್ಲಿ ಒಂಬತ್ತು ನೇರವಾಗಿ ಕರ್ನಾಟಕಕ್ಕೆ, ಒಂಬತ್ತು ಕೇಂದ್ರಕ್ಕೆ. ಸಾಮಾನು ನೋಯ್ಡಾದಲ್ಲಿ ತಯಾರಾಗಿದ್ದರೂ ಅಷ್ಟೇ, ರಾಜ್ಯದ ಅರ್ಧ ಬರುವುದು ಕಲಬುರಗಿ ಇರುವ ರಾಜ್ಯಕ್ಕೆ. ಜಿಎಸ್‌ಟಿಯ ಮೂಲ ತತ್ವವೇ ಇದು. ತೆರಿಗೆ ಸೇರಬೇಕಾದ್ದು ಸರಕು ತಯಾರಾದ ಊರಿಗಲ್ಲ, ಬಳಕೆಯಾದ ಊರಿಗೆ. ಕೇಂದ್ರದ ಒಂಬತ್ತು ರೂಪಾಯಿ ಅಲ್ಲೇ ಉಳಿಯುವುದಿಲ್ಲ. ಅದರಲ್ಲಿ ಶೇ. 41ರಷ್ಟು, ಅಂದರೆ ಸುಮಾರು 3 ರೂಪಾಯಿ 69 ಪೈಸೆ, ಹಣಕಾಸು ಆಯೋಗ ಹೇಳಿದಂತೆ ಎಲ್ಲ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹದಿನೈದನೆಯ ಹಣಕಾಸು ಆಯೋಗದ ಅವಧಿಯಲ್ಲಿ, ಎಂದರೆ 2021ರಿಂದ 2026ರವರೆಗೆ, ಈ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ. 3.647. ಲೆಕ್ಕ ಹಾಕಿದರೆ ಸುಮಾರು ಹದಿಮೂರು ಪೈಸೆ. ಅದೇ ಗಂಟಿನಿಂದ ಬಿಹಾರಕ್ಕೆ ಸುಮಾರು ಮೂವತ್ತೇಳು ಪೈಸೆ, ಉತ್ತರ ಪ್ರದೇಶಕ್ಕೆ ಅರವತ್ತಾರು ಪೈಸೆ. ಬೇರೆ ರಾಜ್ಯಗಳಲ್ಲಿ ಕಟ್ಟಿದ ತೆರಿಗೆಯಿಂದಲೂ ಇದೇ ಪ್ರಮಾಣದಲ್ಲಿ ನಮಗೆ ಬರುತ್ತದೆ, ನಿಜ. ಆದರೂ ಜಗಳಕ್ಕೆ ಆ ಹದಿಮೂರು ಪೈಸೆ ಸಾಕು.

ಹಿಂದಿನ ಹದಿನಾಲ್ಕನೆಯ ಆಯೋಗದ ಕಾಲದಲ್ಲಿ ಕರ್ನಾಟಕದ ಪಾಲು ಶೇ. 4.713 ಇತ್ತು. ಒಮ್ಮೆಲೇ ಇಷ್ಟು ಇಳಿದದ್ದಕ್ಕೆ ಕಾರಣ ಸೂತ್ರ. ಹದಿನೈದನೆಯ ಆಯೋಗ 1971ರ ಜನಗಣತಿಯನ್ನು ಬಿಟ್ಟು ಪೂರ್ತಿಯಾಗಿ 2011ರದನ್ನು ಹಿಡಿಯಿತು. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಸಮಾಧಾನವಾಗಲೆಂದು ಶೇ. 12.5ರಷ್ಟು ತೂಕವನ್ನು ಬೇರೆಯಾಗಿ ಇಟ್ಟಿತು. ಆದರೆ ಎಲ್ಲಕ್ಕಿಂತ ದೊಡ್ಡ ತೂಕ, ಶೇ. 45, ಸಿಕ್ಕಿದ್ದು ‘ಆದಾಯದ ಅಂತರ’ಕ್ಕೆ. ರಾಜ್ಯದ ತಲಾ ಆದಾಯ ಮೇಲಿನ ರಾಜ್ಯಗಳಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಹೆಚ್ಚು ಪಾಲು. ಕರ್ನಾಟಕದ ತಲಾ ಆದಾಯ ಏರಿದ್ದರಿಂದ ಪಾಲು ಇಳಿಯಿತು. ಆಯೋಗಕ್ಕೇ ಇದು ತುಸು ಹೆಚ್ಚಾಯಿತೆನಿಸಿ 2020-21ರ ವರ್ಷಕ್ಕೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಕೊಡಬೇಕೆಂದು ಶಿಫಾರಸು ಮಾಡಿತು. ಕೇಂದ್ರ ಸರಕಾರ ಅದನ್ನು ಒಪ್ಪಲಿಲ್ಲ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಶೇ. 3.647 ಎಂಬುದು ಪಾಲು. ಯಾರಿಗೆ ಸಿಟ್ಟು ಬಂದರೂ ಐದು ವರ್ಷ ಅದನ್ನು ಕೊಡಲೇಬೇಕು. 5,495 ಕೋಟಿ ಅನುದಾನ. ಶಿಫಾರಸು ಮಾಡಿದವರು ಎಷ್ಟೇ ದೊಡ್ಡವರಾಗಿರಲಿ, ಕೊಡುವವನ ಮನಸ್ಸು ಬೇಕು. ನಮ್ಮ ಹಳ್ಳಿಗಳ ಜಮೀನಿನ ದಾಖಲೆಗಳಲ್ಲಿ ‘ಹಿಸ್ಸಾ ನಂಬರು’ ಎಂದು ಬರೆಯುತ್ತಾರಲ್ಲ, ಅದು ಉರ್ದುವಿನಿಂದ ಬಂದು ಕನ್ನಡದ ರೈತನ ಬಾಯಲ್ಲಿ ನೆಲೆಯಾದ ಪದ. ಹಿಸ್ಸಾ ಎಂದರೆ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಸಲ್ಲಬೇಕಾದ ಭಾಗ. ದೊಡ್ಡಣ್ಣನಿಗೆ ಇಷ್ಟವಿರಲಿ ಬಿಡಲಿ, ಅದು ತಮ್ಮನದು. ಖೈರಾತು ಹಾಗಲ್ಲ. ಅದು ಕೊಡುವವನ ದೊಡ್ಡತನ. ಹಿಸ್ಸೆ ಯಾವಾಗ ಖೈರಾತಾಗುತ್ತದೆ ಎಂಬುದೇ ಒಕ್ಕೂಟ ವ್ಯವಸ್ಥೆಯ ನಿಜವಾದ ಪ್ರಶ್ನೆ.

2017ರ ಜುಲೈ 1ರ ಮೊದಲು ಸರಕಿನ ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರ ಮುಖ್ಯವಾಗಿ ರಾಜ್ಯದ್ದಾಗಿತ್ತು. ಮಾರಾಟ ತೆರಿಗೆ, 2005ರ ನಂತರ ವ್ಯಾಟ್, ಪ್ರವೇಶ ತೆರಿಗೆ, ಮನರಂಜನಾ ತೆರಿಗೆ, ಐಷಾರಾಮಿ ತೆರಿಗೆ ಹೀಗೆ. ಬರಗಾಲ ಬಂದರೆ ಒಂದು ವಸ್ತುವಿಗೆ ತೆರಿಗೆ ಇಳಿಸುವುದು, ಹಣ ಬೇಕಾದರೆ ಇನ್ನೊಂದಕ್ಕೆ ಏರಿಸುವುದು ವಿಧಾನಸೌಧದ ಕೈಯಲ್ಲಿತ್ತು. 2016ರ ನೂರಾ ಒಂದನೆಯ ಸಂವಿಧಾನ ತಿದ್ದುಪಡಿಯ ನಂತರ ಅವೆಲ್ಲ ಒಂದಾಗಿ, ದರ ನಿಗದಿಯ ಕೆಲಸ ಜಿಎಸ್‌ಟಿ ಮಂಡಳಿಗೆ ಹೋಯಿತು. ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಪೆಟ್ರೋಲು, ಡೀಸೆಲ್ ಮತ್ತು ಮದ್ಯ. ಪ್ರತಿ ಸರಕಾರವೂ ಬಾಟಲಿಯ ಮೇಲೆ ಕಣ್ಣಿಟ್ಟು ಬಜೆಟ್ ಬರೆಯುವುದಕ್ಕೆ ಇದೂ ಒಂದು ಕಾರಣ.

ಮಂಡಳಿಯಲ್ಲಿ ಕೇಂದ್ರದ ಮತದ ತೂಕ ಮೂರರಲ್ಲಿ ಒಂದು ಪಾಲು, ಎಲ್ಲ ರಾಜ್ಯಗಳದ್ದೂ ಸೇರಿ ಎರಡು ಪಾಲು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಎಂದರೆ ದೇಶದ ಎಲ್ಲ ರಾಜ್ಯಗಳೂ ಒಂದಾದರೂ ಕೇಂದ್ರ ತಲೆಯಾಡಿಸದೆ ಏನೂ ನಡೆಯದು. ಮಂಡಳಿಯ ಶಿಫಾರಸುಗಳು ಕಟ್ಟಿಹಾಕುವಂಥವಲ್ಲ, ಸಂಸತ್ತಿಗೂ ಶಾಸನಸಭೆಗಳಿಗೂ ತಮ್ಮ ಅಧಿಕಾರ ಉಳಿದಿದೆ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಗದದ ಮೇಲೆ ಅದು ದೊಡ್ಡ ಮಾತು. ಆದರೆ ಒಂದೇ ದೇಶ, ಒಂದೇ ತೆರಿಗೆ ಎಂಬ ಯಂತ್ರ ಓಡುತ್ತಿರುವಾಗ ಒಂದು ರಾಜ್ಯ ಹೊರಗೆ ಜಿಗಿಯುವುದು ಓಡುವ ರೈಲಿನಿಂದ ಜಿಗಿದಂತೆ.

ಈ ಅಧಿಕಾರವನ್ನು ಯಾರೂ ದೋಚಿಕೊಳ್ಳಲಿಲ್ಲ. ರಾಜ್ಯಗಳು ತಾವಾಗಿಯೇ ಸಹಿ ಹಾಕಿದವು. ಕರ್ನಾಟಕದ ಶಾಸನಸಭೆಯೂ 2017ರಲ್ಲಿ ತನ್ನ ಜಿಎಸ್‌ಟಿ ಕಾಯಿದೆಯನ್ನು ಮಾಡಿತು. ಅದಕ್ಕೆ ಪ್ರತಿಯಾಗಿ ಸಿಕ್ಕ ಮಾತು ಏನೆಂದರೆ, 2015-16ರ ಆದಾಯವನ್ನು ಆಧಾರವಾಗಿಟ್ಟು ವರ್ಷಕ್ಕೆ ಶೇ. 14ರ ಬೆಳವಣಿಗೆ, ಕಡಿಮೆ ಬಿದ್ದರೆ ಐದು ವರ್ಷದವರೆಗೆ ಕೇಂದ್ರ ತುಂಬಿಕೊಡುತ್ತದೆ. ಈ ಹಣಕ್ಕೆ ಕಾನೂನು ಇಟ್ಟ ಹೆಸರು ‘ಪರಿಹಾರ’. ಕನ್ನಡದಲ್ಲಿ ಪರಿಹಾರ ಎಂದೊಡನೆ ನೆರೆ ಸಂತ್ರಸ್ತರು, ಅಪಘಾತದಲ್ಲಿ ಸತ್ತವರ ಮನೆಯವರು ನೆನಪಾಗುತ್ತಾರೆ. ಉರ್ದುವಿನಲ್ಲಿ ಇದಕ್ಕೆ ‘ಮುಆವಝಾ’ ಎನ್ನುತ್ತಾರೆ, ಒಂದನ್ನು ತೆಗೆದುಕೊಂಡದ್ದಕ್ಕೆ ಬದಲಾಗಿ ಕೊಡುವುದು. ಭೂಸ್ವಾಧೀನದಲ್ಲಿ ಹೊಲ ಕಳೆದುಕೊಂಡ ರೈತನಿಗೆ ಸಿಗುವುದೂ ಇದೇ. ಉರ್ದುವಿನ ಮಾತು ಸತ್ಯಕ್ಕೆ ಹೆಚ್ಚು ಹತ್ತಿರ. ಏಕೆಂದರೆ ಅದರಲ್ಲಿ ತೆಗೆದುಕೊಂಡ ವಸ್ತುವಿನ ನೆನಪಿದೆ. ಪರಿಹಾರ ಎಂಬ ಮಾತಿನಲ್ಲಿ ಕೊಡುವವನ ಕರುಣೆ ಮಾತ್ರ ಕಾಣುತ್ತದೆ, ಹೋದ ಹೊಲ ಕಾಣುವುದಿಲ್ಲ.

ಆ ಕರುಣೆ ಎಷ್ಟು ತೆಳುವಾಗಿತ್ತು ಎಂಬುದು 2020ರಲ್ಲಿ ಗೊತ್ತಾಯಿತು. ಲಾಕ್‌ಡೌನ್‌ನಿಂದ ಅಂಗಡಿಗಳು ಮುಚ್ಚಿ ತೆರಿಗೆ ಬತ್ತಿಹೋದಾಗ ರಾಜ್ಯಗಳು ಪರಿಹಾರ ಕೇಳಿದವು. ಆ ಆಗಸ್ಟ್ 27ರ ಮಂಡಳಿ ಸಭೆಯ ನಂತರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಈ ಸಂಕಷ್ಟವನ್ನು ‘ಆಕ್ಟ್ ಆಫ್ ಗಾಡ್’ ಎಂದರು. ವಿಮೆ ಮತ್ತು ಕರಾರಿನ ಕಾಗದಗಳಲ್ಲಿ ಬರುವ ಮಾತದು. ಕರಾರು ಮಾಡಿಕೊಂಡವನು ಹೊಣೆಯಿಂದ ನುಣುಚಿಕೊಳ್ಳಬೇಕಾದಾಗ ದೇವರನ್ನು ಸಾಕ್ಷಿಗೆ ಕರೆಯುವುದು. 2017ರ ಪರಿಹಾರ ಕಾಯಿದೆಯಲ್ಲಿ ದೇವರ ಹೆಸರಿನ ವಿನಾಯಿತಿ ಎಲ್ಲಿಯೂ ಇರಲಿಲ್ಲ. ಕೇಂದ್ರದ ಬೊಕ್ಕಸವೂ ಆಗ ಬರಿದಾಗಿತ್ತು ಎಂಬುದು ನಿಜ. ಹಣವಿಲ್ಲ, ಸ್ವಲ್ಪ ತಡೆಯಿರಿ ಎನ್ನುವುದು ಬೇರೆ, ಇದು ನನ್ನ ಹೊಣೆಯಲ್ಲ ಎನ್ನುವುದು ಬೇರೆ. ಕೊನೆಗೆ ರಾಜ್ಯಗಳ ಒತ್ತಡಕ್ಕೆ ಮಣಿದು ಕೇಂದ್ರವೇ ಸಾಲ ಎತ್ತಿ ರಾಜ್ಯಗಳಿಗೆ ಕೊಟ್ಟಿತು. 2020-21ರಲ್ಲಿ 1.10 ಲಕ್ಷ ಕೋಟಿ, ಮರುವರ್ಷ 1.59 ಲಕ್ಷ ಕೋಟಿ. ಅದನ್ನು ತೀರಿಸಲು 2022ರ ಜೂನಿಗೆ ಮುಗಿಯಬೇಕಿದ್ದ ಪರಿಹಾರ ಸೆಸ್ಸನ್ನು 2026ರ ಮಾರ್ಚಿನವರೆಗೆ ಎಳೆಯಲಾಯಿತು. ಕೊನೆಗೆ ಆ ಸಾಲವನ್ನು ಹೊತ್ತವನು ಕೊಳ್ಳುವ ಗಿರಾಕಿಯೇ.

ಸೆಸ್ ಎಂಬ ಮಾತಿಗೆ ಬಂದಿದ್ದೇವೆ. ನನ್ನ ದೃಷ್ಟಿಯಲ್ಲಿ ಇಡೀ ಜಗಳದ ಗುಟ್ಟು ಇಲ್ಲಿದೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆ ಶೇ. 41 ಪಾಲಿದೆ ಎಂದಾಗ ಕೇಳುಗ ತಿಳಿಯುವುದು ಎಲ್ಲ ತೆರಿಗೆಯಲ್ಲಿ ಎಂದು. ಹಾಗಲ್ಲ. ಸೆಸ್ ಮತ್ತು ಸರ್ಚಾರ್ಜ್ ಹೆಸರಿನಲ್ಲಿ ಬಂದ ಹಣ ಹಂಚಿಕೆಯ ಗಂಟಿಗೆ ಬರುವುದೇ ಇಲ್ಲ. ಸಂವಿಧಾನದ 270ನೆಯ ವಿಧಿ ಅದನ್ನು ಹೊರಗಿಟ್ಟಿದೆ. 2010ರ ದಶಕದ ಆರಂಭದಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಇವುಗಳ ಪ್ರಮಾಣ ಹತ್ತರಲ್ಲಿ ಒಂದರಷ್ಟು ಇದ್ದದ್ದು 2020-21ರ ಹೊತ್ತಿಗೆ ಐದರಲ್ಲಿ ಒಂದರಷ್ಟಾಯಿತು. ಆಮೇಲೆ ಸ್ವಲ್ಪ ಇಳಿಯಿತು. ಒಂದು ಉದಾಹರಣೆ ಸಾಕು. 2022ರ ಮೇ ತಿಂಗಳ ಇಳಿಕೆಯ ನಂತರ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರ ವಿಧಿಸುತ್ತಿದ್ದ ಸುಂಕ 19 ರೂಪಾಯಿ 90 ಪೈಸೆ. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆ. ಉಳಿದದ್ದೆಲ್ಲ ಸೆಸ್ ಮತ್ತು ವಿಶೇಷ ಸುಂಕ. ಹೊಲದ ಹಿಸ್ಸೆ ಮಾಡುವಾಗ ದೊಡ್ಡಣ್ಣ ನೀರಾವರಿ ಜಮೀನನ್ನು ಬೇರೆ ಹೆಸರಿಗೆ ಬರೆಸಿ, ಉಳಿದ ಖುಷ್ಕಿಯಲ್ಲಿ ನಿಮಗೆಲ್ಲ ಸರಿಪಾಲು ಎಂದ ಹಾಗೆ.

ಕೇಂದ್ರಕ್ಕೂ ತನ್ನ ಖರ್ಚಿದೆ, ಗಡಿ ಇದೆ, ಸೈನ್ಯವಿದೆ ಎಂಬ ವಾದವನ್ನು ಒಪ್ಪೋಣ. ಆದರೆ ಸೆಸ್ ಎಂದರೆ ನಿರ್ದಿಷ್ಟ ಕೆಲಸಕ್ಕೆ ಎತ್ತಿದ ಹಣ. ಅದು ಆ ಕೆಲಸಕ್ಕೆ ಹೋಗಿದೆಯೇ ಎಂದು ಕೇಳುವ ಹಕ್ಕು ಕಟ್ಟಿದವನಿಗಿದೆ. 2017-18 ಮತ್ತು 2018-19ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ಸಿನ 47,272 ಕೋಟಿ ರೂಪಾಯಿಯನ್ನು ಪರಿಹಾರ ನಿಧಿಗೆ ಜಮಾ ಮಾಡದೆ ಕೇಂದ್ರದ ಸಂಚಿತ ನಿಧಿಯಲ್ಲೇ ಉಳಿಸಿಕೊಳ್ಳಲಾಗಿತ್ತು ಎಂದು ಮಹಾಲೇಖಪಾಲರ ವರದಿ 2020ರಲ್ಲಿ ಹೇಳಿತು. ಲೆಕ್ಕ ಹೊಂದಾಣಿಕೆಗೆ ಹಿಡಿದ ಕಾಲವದು ಎಂಬುದು ಹಣಕಾಸು ಇಲಾಖೆಯ ಸಮಜಾಯಿಷಿ. ಇರಬಹುದು. ಆದರೆ ರಾಜ್ಯಗಳ ಹೆಸರಿನಲ್ಲೇ ಎತ್ತಿದ ಹಣದ ಗತಿ ಹೀಗಾದರೆ ಬೇರೆ ಹೆಸರಿನ ಸೆಸ್ಸುಗಳ ಬಗ್ಗೆ ಏನು ಹೇಳುವುದು?

ಇದೇ ಹೊತ್ತಿನಲ್ಲಿ ಯಾರೂ ಹೆಚ್ಚು ಮಾತನಾಡದ ಇನ್ನೊಂದು ಸಂಗತಿ ನಡೆಯಿತು. 1976ರ ಕಾಯಿದೆಯ ಪ್ರಕಾರ ಬೀಡಿಯ ಮೇಲೆ ಒಂದು ಚಿಕ್ಕ ಸೆಸ್ ಇತ್ತು. ಆ ಹಣ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗಿ ಅವರ ಆಸ್ಪತ್ರೆಗೆ, ಮನೆಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಬಳಕೆಯಾಗುತ್ತಿತ್ತು. ದಕ್ಷಿಣ ಕನ್ನಡದಲ್ಲಿ, ತುಮಕೂರಿನಲ್ಲಿ, ಕೋಲಾರದಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ಮನೆಗಳಲ್ಲಿ ಈ ವಿದ್ಯಾರ್ಥಿವೇತನಕ್ಕೆ ಎಷ್ಟು ಬೆಲೆಯಿತ್ತೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಜಿಎಸ್‌ಟಿ ಬಂದ ದಿನವೇ, 2017ರ ಜುಲೈ 1ರಂದು, ಆ ಸೆಸ್ ರದ್ದಾಯಿತು. ಬೀಡಿಯ ಮೇಲೆ ಶೇ. 28ರ ಜಿಎಸ್‌ಟಿ ಬಂತು. ಕಲ್ಯಾಣ ಯೋಜನೆಗಳು ನಿಲ್ಲಲಿಲ್ಲ, ಆದರೆ ಅವುಗಳಿಗೆ ಹಣ ಇನ್ನು ಮುಂದೆ ಬಜೆಟ್ಟಿನಿಂದ ಬರಬೇಕು. ಎಂದರೆ ವರ್ಷವರ್ಷವೂ ಯಾರದೋ ಮನಸ್ಸಿಗೆ ಬರಬೇಕು. ಹಕ್ಕುದಾರರ ಹೆಸರು ಬರೆದಿದ್ದ ಚಿಕ್ಕ ಸೆಸ್ ಸತ್ತಿತು. ಹೆಸರೇ ಸ್ಪಷ್ಟವಿಲ್ಲದ ದೊಡ್ಡ ಸೆಸ್ಸುಗಳು ಕೊಬ್ಬಿದವು. ಬೀಡಿ ಕಟ್ಟುವ ಹೆಂಗಸಿಗೂ ವಿಧಾನಸೌಧಕ್ಕೂ ಆದದ್ದು ಒಂದೇ. ಇಬ್ಬರ ಹಿಸ್ಸೆಯೂ ಅನುದಾನವಾಯಿತು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಮುಖ್ಯ ದರಗಳು ಶೇ. 5 ಮತ್ತು 18ಕ್ಕೆ ಬಂದು, ಕೆಲವಕ್ಕೆ ಮಾತ್ರ ಶೇ. 40 ಉಳಿಯಿತು. ಸಾಬೂನು, ಟೂತ್‌ಪೇಸ್ಟು ಅಗ್ಗವಾದದ್ದು ಬಡವರಿಗೆ ಒಳ್ಳೆಯದೇ. ಇಂಥ ತೆರಿಗೆ ಸಿರಿವಂತನಿಗಿಂತ ಬಡವನನ್ನೇ ಹೆಚ್ಚು ಹಿಂಡುತ್ತದೆ, ಏಕೆಂದರೆ ಅವನು ದುಡಿದದ್ದೆಲ್ಲ ಕೊಳ್ಳುವುದಕ್ಕೇ ಹೋಗುತ್ತದೆ. ಆದರೆ ಇದನ್ನು ಆ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಘೋಷಿಸಿದ್ದು ದೀಪಾವಳಿಯ ಉಡುಗೊರೆಯೆಂದು. ಸರಕಾರದ ಅಂದಾಜಿನಂತೆ ಇದರಿಂದ ಸುಮಾರು 48,000 ಕೋಟಿ ರೂಪಾಯಿ ಆದಾಯ ಕಡಿಮೆ. ಜಿಎಸ್‌ಟಿಯ ಅರ್ಧ ರಾಜ್ಯಗಳದ್ದು, ಕೇಂದ್ರದ ಅರ್ಧದಲ್ಲೂ ಶೇ. 41 ರಾಜ್ಯಗಳದ್ದು. ಹಾಗಾದರೆ ಉಡುಗೊರೆಯ ಹೆಚ್ಚು ಭಾಗ ಯಾರ ಜೇಬಿನಿಂದ ಹೋಯಿತು? ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳು ನಷ್ಟ ತುಂಬಿಕೊಡಿ ಎಂದು ಕೇಳಿದವು. ಪರಿಹಾರದ ಐದು ವರ್ಷ ಎಂದೋ ಮುಗಿದಿತ್ತು. ಪರಿಹಾರ ಸೆಸ್ಸೂ ತಂಬಾಕು ಮತ್ತು ಪಾನ್ ಮಸಾಲೆಯನ್ನು ಬಿಟ್ಟು ಉಳಿದೆಲ್ಲದರ ಮೇಲಿನಿಂದ ಎದ್ದುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಪಾನ್ ಮಸಾಲೆಗೆ ಆರೋಗ್ಯ ಮತ್ತು ರಾಷ್ಟ್ರೀಯ ಭದ್ರತೆಯ ಹೆಸರಿನ ಹೊಸ ಸೆಸ್ ತಂದಿತು. ಒಂದು ಸೆಸ್ ಹೋಗುವಾಗ ಬಾಗಿಲು ಮುಚ್ಚಿ ಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಬೇಕು. 2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಆಗ ಎಲ್ಲರ ಬಾಯಲ್ಲಿ. ನಾವು ನೂರು ರೂಪಾಯಿ ಕಳಿಸಿದರೆ ಹನ್ನೆರಡು-ಹದಿಮೂರು ರೂಪಾಯಿ ಮಾತ್ರ ವಾಪಸು ಬರುತ್ತದೆ ಎಂಬುದು ರಾಜ್ಯ ಸರಕಾರದ ಲೆಕ್ಕ. ಅನ್ಯಾಯವಾಗಿದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಈ ಘೋಷಣೆಯ ಎರಡು ‘ನನ್ನ’ಗಳು ನನ್ನನ್ನು ಕಾಡುತ್ತವೆ.

ಮೊದಲನೆಯ ‘ನನ್ನ’ ಯಾರು? ಆ ನೂರು ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಕಂಪನಿಗಳು ಕಟ್ಟಿದ ಆದಾಯ ತೆರಿಗೆಯಿದೆ. ಆ ಲಾಭ ದೇಶವಿದೇಶಗಳ ಗಿರಾಕಿಗಳಿಂದ ಬಂದದ್ದು. ಬಿಡದಿಯಲ್ಲಿ ತಯಾರಾದ ಕಾರು ಪಟ್ನಾದಲ್ಲಿ ಮಾರಾಟವಾದರೆ ಅದರ ಜಿಎಸ್‌ಟಿ ಮೊದಲು ಜಮೆಯಾಗುವುದು ಕರ್ನಾಟಕದ ಲೆಕ್ಕದಲ್ಲಿ. ಕಟ್ಟಿದವನು ಪಟ್ನಾದವನು. ಸಂಗ್ರಹವಾದ ಜಾಗ ಬೇರೆ, ತೆರಿಗೆ ಹೊತ್ತ ಹೆಗಲು ಬೇರೆ. ಇನ್ನೊಂದು ಕಡೆಯಿಂದ ನೋಡಿ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಸಾರುವೆ ಮೇಲೆ ನಿಂತ ದರ್ಭಂಗಾದ ಹುಡುಗ ಸಂಜೆ ಕೊಳ್ಳುವ ಚಪ್ಪಲಿ, ಬಿಸ್ಕತ್ತು, ಮೊಬೈಲಿನ ರೀಚಾರ್ಜು ಎಲ್ಲದರ ರಾಜ್ಯ ಜಿಎಸ್‌ಟಿ ಕರ್ನಾಟಕಕ್ಕೆ ಸೇರುತ್ತದೆ. ಅವನನ್ನು ಸಾಕಿ ಬೆಳೆಸಿದ ಖರ್ಚು ಬಿಹಾರದ್ದು. ಅವನ ತಂಗಿ ಓದುವ ಶಾಲೆ, ಅವನ ತಾಯಿಗೆ ಬೇಕಾದ ಆಸ್ಪತ್ರೆ ಬಿಹಾರದ್ದು. ಅವನು ಕಟ್ಟಿದ ತೆರಿಗೆ ಯಾರ ‘ನನ್ನ’ದು? ಬಿಹಾರಕ್ಕೆ ಹೋಗುವ ಮೂವತ್ತೇಳು ಪೈಸೆಯಲ್ಲಿ ಒಂದಿಷ್ಟು ಅವನದೇ ಹಣ ಅವನ ಮನೆಗೆ ಹೋದದ್ದು ಎಂದು ನೋಡಿದರೆ ತಪ್ಪೇನು?

ಎರಡನೆಯ ‘ನನ್ನ’ ಇನ್ನೂ ಅಪಾಯದ್ದು. ಕೊಟ್ಟಷ್ಟು ಪಡೆಯುವುದು ನ್ಯಾಯ ಎಂದು ಒಪ್ಪಿದರೆ ಆ ನ್ಯಾಯ ಬೀದರ-ಹೊಸೂರುಗಳ ಗಡಿಯಲ್ಲಿ ನಿಲ್ಲುವುದಿಲ್ಲ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿ, ಯಾದಗಿರಿಗಳದಕ್ಕಿಂತ ಹಲವು ಪಟ್ಟು. ನಾಳೆ ಬೆಂಗಳೂರಿನವನು ಎದ್ದು ನಿಂತು ನನ್ನ ತೆರಿಗೆ ನನ್ನ ರಸ್ತೆಗೆ, ಯಾದಗಿರಿಯ ಶಾಲೆಗೆ ಏಕೆ ಎಂದರೆ ವಿಧಾನಸೌಧದ ಬಳಿ ಉತ್ತರವಿರುವುದಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಸಂವಿಧಾನಕ್ಕೆ 371ಜೆ ವಿಧಿ ಸೇರಿದ್ದು ಕಲ್ಯಾಣ ಕರ್ನಾಟಕದ ಜನ ಕೇಳಿ, ಹೋರಾಡಿ ಪಡೆದದ್ದರಿಂದ. ಆಗ ನಾವು ಹೇಳಿದ ಮಾತು ಬಿಹಾರ ಇಂದು ಹೇಳುವ ಮಾತೇ: ಹಿಂದೆ ಬಿದ್ದವರಿಗೆ ಹೆಚ್ಚು ಸಲ್ಲಬೇಕು. ಕಲಬುರಗಿಯಲ್ಲಿ ಒಂದು ನ್ಯಾಯ, ದೆಹಲಿಯಲ್ಲಿ ಇನ್ನೊಂದು ನ್ಯಾಯ ಎಂದರೆ ಕೇಳುವವರು ನಗುತ್ತಾರೆ.

ಹಾಗೆಂದು ಹಣಕಾಸು ಆಯೋಗದ ಸೂತ್ರ ನಿರ್ದೋಷಿಯಲ್ಲ. ಅದು ರಾಜ್ಯವನ್ನು ಒಂದು ಸರಾಸರಿಯಾಗಿ ನೋಡುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳ ಆದಾಯವನ್ನೂ ಯಾದಗಿರಿಯಿಂದ ಗುಳೆ ಹೋಗುವ ಕೂಲಿಯ ಆದಾಯವನ್ನೂ ಕೂಡಿಸಿ ಭಾಗಿಸಿ, ಇವರು ಸ್ಥಿತಿವಂತರು ಎನ್ನುತ್ತದೆ. ಬೆಂಗಳೂರು ಬೆಳೆದದ್ದಕ್ಕೆ ದಂಡ ತೆತ್ತದ್ದು ಯಾದಗಿರಿ. ಕರ್ನಾಟಕ ದೆಹಲಿಯಲ್ಲಿ ಗಟ್ಟಿಯಾಗಿ ಹೇಳಬೇಕಾಗಿದ್ದ ಮಾತು ಇದು. ಆದರೆ ಅದನ್ನು ಹೇಳಬೇಕಾದರೆ ನಮ್ಮೊಳಗಿನ ಬಡತನವನ್ನು ಮುಂದೆ ತಂದು ತೋರಿಸಬೇಕು. ನಮ್ಮ ಸರಕಾರಗಳು ಇಷ್ಟಪಟ್ಟದ್ದು ಬೆಂಗಳೂರಿನ ಸಿರಿಯನ್ನು ತೋರಿಸಲು.

ಹದಿನಾರನೆಯ ಹಣಕಾಸು ಆಯೋಗದ ವರದಿ 2026ರ ಫೆಬ್ರುವರಿ 1ರಂದು ಸಂಸತ್ತಿನ ಮುಂದೆ ಬಂತು. ರಾಜ್ಯಗಳ ಒಟ್ಟು ಪಾಲು ಶೇ. 41 ಹಾಗೇ ಉಳಿಯಿತು. ಸೂತ್ರದಲ್ಲಿ ದೇಶದ ಉತ್ಪನ್ನಕ್ಕೆ ರಾಜ್ಯದ ಕೊಡುಗೆ ಎಂಬ ಹೊಸ ಅಳತೆ ಸೇರಿ, ಅದಕ್ಕೆ ಶೇ. 10 ತೂಕ ಸಿಕ್ಕಿತು. ಕರ್ನಾಟಕದ ಪಾಲು ಶೇ. 4.13ಕ್ಕೆ ಏರಿತು. ನಮ್ಮ ಹದಿಮೂರು ಪೈಸೆ ಹದಿನೈದಾಯಿತು ಎನ್ನೋಣ. ಇದನ್ನು ಹೋರಾಟದ ಗೆಲುವು ಎಂದು ಕೆಲವರು, ಸಾಲದು ಎಂದು ಕೆಲವರು ಅಂದರು. ಪಾಲು ಹೆಚ್ಚಿದ್ದು ಸಂತೋಷವೇ. ಆದರೆ ಸೆಸ್ಸಿನ ತೂತು ಮುಚ್ಚಲಿಲ್ಲ. ಪಾತ್ರೆಯ ತಳ ಸೋರುತ್ತಿರುವಾಗ ಯಾರ ಲೋಟ ದೊಡ್ಡದು ಎಂದು ರಾಜ್ಯರಾಜ್ಯಗಳು ಕಿತ್ತಾಡಿದರೆ ಲಾಭ ಪಾತ್ರೆ ಹಿಡಿದವನಿಗೆ. ಕನ್ನಡಿಗ ಬಿಹಾರಿಯನ್ನು ಬೈಯುವುದರಿಂದ ಆ 18 ರೂಪಾಯಿ 50 ಪೈಸೆ ಪೆಟ್ರೋಲು ಸುಂಕ ಹಂಚಿಕೆಗೆ ಬರುವುದಿಲ್ಲ. ಬಿಹಾರಕ್ಕೂ ಅದರಲ್ಲಿ ಪಾಲಿಲ್ಲ.

ಬೇರೆ ದೇಶಗಳಲ್ಲಿ ಈ ಜಗಳವಿಲ್ಲವೇ ಎಂದು ಕೇಳಬಹುದು. ಇದೆ. ಆಸ್ಟ್ರೇಲಿಯಾದಲ್ಲಿ 2000ದ ಜುಲೈ 1ರಿಂದ ಶೇ. 10ರ ಜಿಎಸ್‌ಟಿ ಇದೆ. ಕೇಂದ್ರ ಸಂಗ್ರಹಿಸಿದರೂ ಅದರ ಆದಾಯವೆಲ್ಲ ರಾಜ್ಯಗಳಿಗೆ. 1933ರಲ್ಲಿ ಹುಟ್ಟಿದ ಅನುದಾನ ಆಯೋಗವೊಂದು ಯಾವ ರಾಜ್ಯಕ್ಕೆ ಎಷ್ಟು ಎಂದು ವರ್ಷವರ್ಷವೂ ಲೆಕ್ಕ ಹಾಕಿ ಹೇಳುತ್ತದೆ. ಕಬ್ಬಿಣದ ಅದಿರಿನಿಂದ ಸಿರಿವಂತವಾದ ಪಶ್ಚಿಮ ಆಸ್ಟ್ರೇಲಿಯಾಕ್ಕೆ 2015-16ರಲ್ಲಿ ಜನಸಂಖ್ಯೆಗೆ ತಕ್ಕಂತೆ ಸಿಗಬೇಕಾದ ಒಂದು ಡಾಲರಿನಲ್ಲಿ ಮೂವತ್ತು ಸೆಂಟು ಮಾತ್ರ ಸಿಕ್ಕಿತು. ಅವರೂ ನಮ್ಮವರಂತೆಯೇ ಕೂಗೆಬ್ಬಿಸಿದರು. 2018ರಲ್ಲಿ ಕಾನೂನು ಬಂದು, ಯಾವ ರಾಜ್ಯದ ಪಾಲೂ ಮೊದಲು ಎಪ್ಪತ್ತು, ಆಮೇಲೆ ಎಪ್ಪತ್ತೈದು ಸೆಂಟಿಗಿಂತ ಕೆಳಗಿಳಿಯಕೂಡದು ಎಂದಾಯಿತು. ಅದರಿಂದ ಬಡ ರಾಜ್ಯಗಳಿಗೆ ನಷ್ಟವಾಗದಂತೆ ಕೇಂದ್ರ ತನ್ನ ಬೊಕ್ಕಸದಿಂದ ಹಣ ಸೇರಿಸಿತು. ಅದು ದುಬಾರಿ ರಾಜಿ ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರೇ ಟೀಕಿಸಿದ್ದಾರೆ. ನಾವು ಗಮನಿಸಬೇಕಾದ್ದು ಇಷ್ಟೇ. ಸಿರಿವಂತ ರಾಜ್ಯದ ದೂರು ತೀರಿಸಲು ಬಡ ರಾಜ್ಯದ ತಟ್ಟೆಗೆ ಕೈ ಹಾಕಲಿಲ್ಲ, ದೊಡ್ಡಣ್ಣ ತನ್ನ ಜೇಬಿಗೆ ಕೈ ಹಾಕಿದ.

ಕರ್ನಾಟಕ ಹಿಡಿಯಬೇಕಾದ ದಾರಿಯೂ ಇದೇ ಎಂದು ನನಗೆ ಕಾಣುತ್ತದೆ. ಸೆಸ್ ಮತ್ತು ಸರ್ಚಾರ್ಜುಗಳು ಒಂದು ಮಿತಿ ಮೀರಿದರೆ ಆ ಹೆಚ್ಚಿನ ಹಣ ತಾನಾಗಿ ಹಂಚಿಕೆಗೆ ಬರಬೇಕು ಎಂದು ಬಿಹಾರ, ಒಡಿಶಾ, ಉತ್ತರ ಪ್ರದೇಶಗಳನ್ನೂ ಕರೆದುಕೊಂಡು ಕೇಳಬೇಕು. ಆ ಬೇಡಿಕೆಯಲ್ಲಿ ಯಾವ ರಾಜ್ಯಕ್ಕೂ ನಷ್ಟವಿಲ್ಲ. ಮಂಡಳಿ ದರ ಇಳಿಸಿದರೆ ರಾಜ್ಯಕ್ಕಾಗುವ ನಷ್ಟದ ಲೆಕ್ಕವನ್ನು ಮೊದಲೇ ಮೇಜಿನ ಮೇಲಿಡಬೇಕು. ರಾಜ್ಯದ ಸರಾಸರಿಯ ಬದಲು ಜಿಲ್ಲೆಗಳ ಬಡತನವನ್ನು ಅಳೆಯುವ ಸೂತ್ರ ಬೇಕೆಂದು ವಾದಿಸಬೇಕು. ಆ ವಾದ ಮಾಡುವ ಬಾಯಿಗೆ ಬಲ ಬರಬೇಕಾದರೆ ವಿಧಾನಸೌಧ ತನ್ನ ಪಂಚಾಯಿತಿ, ಪುರಸಭೆಗಳಿಗೆ ಪಾಲನ್ನು ಪಾಲಾಗಿಯೇ ಕೊಡುತ್ತಿರಬೇಕು, ಶಾಸಕರ ಶಿಫಾರಸಿನ ಅನುದಾನವಾಗಿ ಅಲ್ಲ. ಒಂದು ಕಾಲಕ್ಕೆ ಜಕಾತಿ ಎತ್ತಿ ತನ್ನ ದೀಪ, ನಲ್ಲಿ, ಚರಂಡಿಗಳನ್ನು ತಾನೇ ನೋಡಿಕೊಳ್ಳುತ್ತಿದ್ದ ಪುರಸಭೆ ಇಂದು ಬೀದಿದೀಪದ ಬಲ್ಬಿಗೂ ಬೆಂಗಳೂರಿನತ್ತ ನೋಡುತ್ತದೆ. ದೆಹಲಿಯ ಮುಂದೆ ನಾವು ನಿಂತಂತೆ ಅದು ನಮ್ಮ ಮುಂದೆ ನಿಂತಿದೆ.

ಶೇ. 3.647ರಿಂದ 4.13ಕ್ಕೆ ಏರಿದ ಪಾಲು 2031ರವರೆಗೆ ಬರುತ್ತದೆ. ಬಂದ ಹೆಚ್ಚುವರಿ ಹಣದಲ್ಲಿ ಯಾದಗಿರಿಗೆ, ರಾಯಚೂರಿಗೆ, ಬೀಡಿ ಕಟ್ಟುವವರ ಮಕ್ಕಳ ಹಾಸ್ಟೆಲಿಗೆ ಎಷ್ಟು ಸಂದಿತು ಎಂದು ವರ್ಷಕ್ಕೊಮ್ಮೆ ವಿಧಾನಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ಜಂತರ್ ಮಂತರ್‌ನಲ್ಲಿ ಕೂತವರು ಅದಕ್ಕೆ ಅಂಕಿಯಲ್ಲಿ ಉತ್ತರ ಕೊಡಬೇಕು.